ಬೋರ್ಡಿಗೆ ಕನ್ನಡ ಬರೆಯೋ ಮೆಷಿನ್ನಿಗೆ ಒಂಟಿಗೆರೆ ಅಕ್ಷರ ಬೇಕು, ಪೇಂಟರುಗಳ ಕೈಯಿಂದಲೇ ಮಾಡಿಸಿ

ಸಂಪಾದಕರಿಗೆ ನಮಸ್ಕಾರ,

ನಾಮಫಲಕದಲ್ಲಿ ಕನ್ನಡ ಎಷ್ಟಿರಬೇಕು ಅನ್ನೋದರ ಬಗ್ಗೆ ಪೇಪರಲ್ಲಿ ಪತ್ರಗಳು ಬರ್ತಾನೇ ಇರ್ತವೆ, ನಾನೂ ಬಿಡದೆ ಓದ್ತೀನಿ. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಬೋರ್ಡಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಅಂತ ಆಯ್ತು, ಬಹಳ ಒಳ್ಳೇದಾಯ್ತು. ಆದ್ರೆ ಆ 60 ಭಾಗದಲ್ಲಿ ಕೂತಿರೋ ಅಕ್ಷರಗಳ ಗತಿ ಏನು ಅಂತ ಯಾರಾದ್ರೂ ನಿಂತು ನೋಡಿದೀರಾ? ಒತ್ತಕ್ಷರ ಒಂದು ಕಡೆ, ಅದು ಸೇರಬೇಕಾದ ಅಕ್ಷರ ಇನ್ನೊಂದು ಕಡೆ, ಅರ್ಕಾವತ್ತು ಹೋಗಿ ಪಕ್ಕದ ಅಕ್ಷರಕ್ಕೆ ಅಂಟ್ಕೊಂಡಿರುತ್ತೆ, ನುಡಿ ಅನ್ನೋ ಹಳೇ ಥರದ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಎಲ್ಲ ಕಂಪ್ಯೂಟರಲ್ಲೂ ಓದೋಕಾಗೋ ಯುನಿಕೋಡಿಗೆ ಬದಲಾಯಿಸುವಾಗ ಅರ್ಧ ಉದುರಿ ಹೋಗಿರುತ್ತೆ, ಡಿಸೈನ್ ಮಾಡೋ ಹುಡುಗನಿಗೆ ಕನ್ನಡ ಓದೋಕೆ ಬರದಿದ್ರೆ ಮುಗಿದೇ ಹೋಯ್ತು, ಅದು ಹಾಗೇ ಪ್ರಿಂಟಾಗಿ ಹತ್ತು ವರ್ಷ ಗೋಡೆ ಮೇಲಿರುತ್ತೆ. ಎಷ್ಟು ಕನ್ನಡ ಅಂತ ಟೇಪ್ ಹಿಡಿದು ಅಳೀತೀವಿ, ಎಂಥಾ ಕನ್ನಡ ಅಂತ ಯಾರೂ ಕೇಳ್ತಿಲ್ಲ. ಬೋರ್ಡು ಬರೆಯೋ ಮೆಷಿನ್ನಿಗೆ ಒಂಟಿಗೆರೆ ಅಕ್ಷರ, ಅಂದ್ರೆ ಹೊರಗೆರೆ ಇಲ್ಲದೆ ಪೆನ್ನಿನ ಒಂದೇ ಗೆರೇಲಿ ಬರೆಯೋ ಅಕ್ಷರ, ಪೇಂಟರುಗಳಿಂದ ಮಾಡಿಸಿ ಅಂತ ಕೇಳೋಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸಬೇಡಿ.

ನಾನು ಶಿವಮೊಗ್ಗದ ಮಾಚೇನಹಳ್ಳಿ ಕಡೆ ಒಂದು ಸಣ್ಣ ವರ್ಕ್‌ಶಾಪ್ ಇಟ್ಕೊಂಡಿದೀನಿ, ಮರ, ಅಕ್ರಿಲಿಕ್ ಶೀಟ್ ಕೊರೆಯೋ ಸಿಎನ್‌ಸಿ ರೂಟರ್ ಕೆಲಸ. ಗೊತ್ತಿಲ್ಲದವರಿಗೆ ಹೇಳ್ತೀನಿ, ಸಿಎನ್‌ಸಿ ಅಂದ್ರೆ ಕಂಪ್ಯೂಟರ್ ಹೇಳಿದ ಕಡೆ ಹೋಗೋ ಮೆಷಿನ್, ಎಡಬಲ, ಹಿಂದುಮುಂದು, ಮೇಲೆಕೆಳಗೆ ಅಂತ ಮೂರು ದಿಕ್ಕು, ತುದೀಲಿ ತಿರುಗೋ ಸ್ಪಿಂಡಲ್ಲು, ಅದಕ್ಕೊಂದು ಕಟರ್. ನಾವು ಮಾಡಿದ್ದು ಏನಂದ್ರೆ ಆ ಸ್ಪಿಂಡಲ್ ಬಿಚ್ಚಿ ಅದೇ ಕ್ಲ್ಯಾಂಪಿಗೆ ಒಂದು ಪೆನ್ ಹೋಲ್ಡರ್ ಕೂರಿಸಿ ಮಾರ್ಕರ್ ಕಟ್ಟಿದ್ವಿ. ಅಷ್ಟೇ. ಮೆಷಿನ್ನಿಗೆ ಅದು ಕೊರೀತಿದ್ಯೋ ಬರೀತಿದ್ಯೋ ಗೊತ್ತಾಗಲ್ಲ, ಮೆಷಿನ್ನಿಗೆ ಅಪ್ಪಣೆ ಕೊಡೋ ಜಿ-ಕೋಡ್ ಭಾಷೇಲಿ ಜಿ0 ಅಂದ್ರೆ ಗೆರೆ ಎಳೆಯದೆ ಬೇಗ ಹೋಗು (ಪೆನ್ ಮೊದಲೇ ಎತ್ತಿರಬೇಕು), ಜಿ1 ಅಂದ್ರೆ ಹೇಳಿದ ಸ್ಪೀಡಲ್ಲಿ ಗೆರೆ ಎಳಿ, ಜಿ2 ಜಿ3 ಅಂದ್ರೆ ಕಮಾನಿನ ಹಾಗೆ ಸುತ್ತು, ಅದು ಅದನ್ನೇ ಮಾಡುತ್ತೆ.

ಇದೇನೂ ಹೊಸ ವಿದ್ಯೆ ಅಲ್ಲ. ಕ್ಯಾಲ್‌ಕಾಂಪ್ 565 ಅನ್ನೋ ಪ್ಲಾಟರ್, ಅಂದ್ರೆ ಪೆನ್ನಿಂದ ಗೆರೆ ಎಳೆಯೋ ಮೆಷಿನ್, 1959ರಲ್ಲೇ ಬಂದಿತ್ತು, 80ರ ದಶಕದಲ್ಲಿ ಎಚ್‌ಪಿ 7475ಎ ಅನ್ನೋದು ಆರು ಬಣ್ಣದ ಪೆನ್ನು ಇಟ್ಕೊಂಡು ಒಂದೊಂದಾಗಿ ತಗೊಂಡು ಬರೀತಿತ್ತು, ಆಮೇಲೆ ಇಂಕ್‌ಜೆಟ್ ಬಂತು, ಪೆನ್ ಪ್ಲಾಟರ್ ಆಫೀಸುಗಳಿಂದ ಹೋಯ್ತು. ಈಗ ಇಂಥ ಮೆಷಿನ್ ಓಡಿಸೋ ಗ್ರಬ್ಲ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಆರ್ಡುಯಿನೊ ಊನೊ ಥರದ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಲ್ಲೇ ಓಡುತ್ತೆ, ಬೆಂಗಳೂರಿನ ಎಸ್‌.ಪಿ. ರಸ್ತೇಲಿ ಒಂದು ಸುತ್ತು ಹಾಕಿದ್ರೆ ಮೋಟಾರು, ಬೆಲ್ಟು, ಮೋಟಾರಿಗೆ ಕರೆಂಟ್ ಕೊಡೋ ಡ್ರೈವರು ಎಲ್ಲ ಸಿಗುತ್ತೆ, ಪಾಲಿಟೆಕ್ನಿಕ್ ಹುಡುಗರು ತಾವೇ ಕಟ್ಕೊಳ್ಳಬಹುದು. ಅಷ್ಟೇ ಯಾಕೆ, ತಾಲ್ಲೂಕು ಕೇಂದ್ರದ ರೇಡಿಯಂ ಸ್ಟಿಕ್ಕರ್ ಅಂಗಡೀಲಿ ಗಾಡಿ ಮೇಲಿನ ಅಕ್ಷರ ಕತ್ತರಿಸೋ ಮೆಷಿನ್ ಇದ್ಯಲ್ಲ, ಅದೂ ಪ್ಲಾಟರೇ, ಬ್ಲೇಡ್ ತೆಗೆದು ಅದೇ ಜಾಗಕ್ಕೆ ಪೆನ್ ಹಾಕಿದ್ರೆ ಬರೆಯುತ್ತೆ. ಪೇಪರ್ ರೋಲಿನ ಮೇಲೆ ಮಾತ್ರ, ತಗಡಿನ ಮೇಲಲ್ಲ, ಆದ್ರೂ ಮೆಷಿನ್ ಊರೂರಲ್ಲಿ ಆಗಲೇ ಇದೆ ಅನ್ನೋದನ್ನ ನೆನಪಲ್ಲಿಡಿ.

ಇನ್ನು ಪೆನ್ನಿಂದ ಬೋರ್ಡು ಬರೆಯೋದರ ಕಷ್ಟಸುಖ. ಪೆನ್ನನ್ನ ಬಿಗಿಯಾಗಿ ಕಟ್ಟಬಾರದು. ನಾಲ್ಕು ಅಡಿ ಶೀಟ್ ಹಾಸಿದ್ರೆ ನಡುವೆ ಎರಡು ಮೂರು ಮಿಲಿಮೀಟರ್ ಉಬ್ಬಿರುತ್ತೆ ಇಲ್ಲ ತಗ್ಗಿರುತ್ತೆ, ಬಿಗಿ ಪೆನ್ನು ಉಬ್ಬಿದ ಕಡೆ ನಿಬ್ ಜಜ್ಜಿ ಹಾಕುತ್ತೆ, ತಗ್ಗಿದ ಕಡೆ ಮುಟ್ಟೋದೇ ಇಲ್ಲ. ಹಾಗಾಗಿ ಹೋಲ್ಡರಲ್ಲಿ ಸ್ಪ್ರಿಂಗ್ ಇರಬೇಕು, ಪೆನ್ನು ತನ್ನಷ್ಟಕ್ಕೆ ಐದಾರು ಮಿಲಿಮೀಟರ್ ಮೇಲೆಕೆಳಗೆ ಆಡಬೇಕು, ಮೇಲ್ಮೈ ಮುಟ್ಟಿದ ಮೇಲೆ ಇನ್ನೊಂದೆರಡು ಮಿಲಿಮೀಟರ್ ಕೆಳಗೆ ಒತ್ತಿದ್ರೆ ಸಾಕು, ಉಳಿದಿದ್ದನ್ನ ಸ್ಪ್ರಿಂಗ್ ನೋಡ್ಕೊಳ್ಳುತ್ತೆ. ಸ್ಪೀಡು ನಿಮಿಷಕ್ಕೆ ಒಂದೂವರೆ ಎರಡು ಮೀಟರ್ ದಾಟಿದ್ರೆ ಪೇಂಟ್ ಮಾರ್ಕರಲ್ಲಿ ಬಣ್ಣ ಇಳಿಯೋದು ಸಾಲದೆ ಗೆರೆ ಒಡೆಯುತ್ತೆ, ತೀರಾ ನಿಧಾನ ಆದ್ರೆ ಬಣ್ಣ ಒಂದೇ ಕಡೆ ಇಳಿದು ಗುಡ್ಡೆ ಆಗುತ್ತೆ. ಪೆನ್ನು ಇಳಿದ ತಕ್ಷಣ ಒಂದು ಚಿಟಿಕೆ ಹೊತ್ತು ನಿಲ್ಲಿಸಿ ಆಮೇಲೆ ಓಡಿಸಿದ್ರೆ ಶುರುವಾಗೋ ಜಾಗ ಸರಿಯಾಗಿ ಮೂಡುತ್ತೆ. ಇಂಕ್ ಬಗ್ಗೆ ಒಂದು ಮಾತು, ಅಂಗಡೀಲಿ ಸಿಗೋ ಮಾಮೂಲಿ ಪರ್ಮನೆಂಟ್ ಮಾರ್ಕರ್ ಡೈ ಇಂಕು, ಬಿಸಿಲಿಗೆ ಬೇಗ ಮಾಸಿ ಹೋಗುತ್ತೆ, ಹೊರಗಡೆ ಹಾಕೋ ಬೋರ್ಡಿಗೆ ಪಿಗ್ಮೆಂಟ್ ಇರೋ ಆಯಿಲ್ ಪೇಂಟ್ ಮಾರ್ಕರೇ ಬೇಕು, ಒಣಗಿದ ಮೇಲೆ ಮೇಲೊಂದು ಕ್ಲಿಯರ್ ಕೋಟ್ ಹೊಡೀಬೇಕು. ಎನಾಮಲ್ ಹೊಡೆದ ತಗಡು, ಎಸಿಪಿ ಅನ್ನೋ ಅಲ್ಯೂಮಿನಿಯಂ ಹೊದಿಸಿದ ಶೀಟ್, ಪ್ರೈಮರ್ ಹಾಕಿದ ಎಂಡಿಎಫ್ ಅನ್ನೋ ಮರದ ನಾರಿನ ಹಲಗೆ, ಇವೆಲ್ಲದರ ಮೇಲೆ ಚೆನ್ನಾಗಿ ಕೂರುತ್ತೆ.

ಇಷ್ಟೆಲ್ಲ ಸರಿ, ತೊಡಕು ಬರೋದು ಅಕ್ಷರದಲ್ಲೇ, ನನ್ನ ಪತ್ರದ ಹೂರಣನೂ ಅದೇ.

ಕಂಪ್ಯೂಟರಲ್ಲಿರೋ ಕನ್ನಡ ಫಾಂಟುಗಳಲ್ಲಿ ಅಕ್ಷರ ಅಂದ್ರೆ ಅದರ ಹೊರಗೆರೆ ಮಾತ್ರ. ಪ್ರಿಂಟರ್ ಆ ಹೊರಗೆರೆ ಒಳಗೆ ಬಣ್ಣ ತುಂಬುತ್ತೆ, ಅದಕ್ಕೆ ತೊಂದರೆ ಇಲ್ಲ. ಪೆನ್ನಿಗೆ ಅದೇ ಫೈಲ್ ಕೊಟ್ರೆ ಅಕ್ಷರದ ಸುತ್ತ ಒಂದು ಬೇಲಿ ಎಳೆದು ನಿಲ್ಲಿಸುತ್ತೆ, ಒಳಗೆ ಖಾಲಿ. ತುಂಬಬೇಕು ಅಂದ್ರೆ ಒಳಗೆ ಒತ್ತೊತ್ತಾಗಿ ಗೆರೆ ಎಳೀಬೇಕು, 3 ಮಿಲಿಮೀಟರ್ ನಿಬ್ಬಾದ್ರೆ ಎರಡೂವರೆ ಮಿಲಿಮೀಟರಿಗೊಂದು, ಒಂದಡಿ ಅಕ್ಷರ, ಅದರ ಗೆರೆ ದಪ್ಪ 4 ಸೆಂಟಿಮೀಟರ್ ಅಂದ್ರೆ ಅದೇ ದಾರೀಲಿ 16 ಸಲ ಓಡಾಡಬೇಕು. ಹೊರಗೆರೇನ ನಿಬ್ಬಿನ ಅರ್ಧ ದಪ್ಪದಷ್ಟು ಒಳಕ್ಕೆ ತಳ್ಳಬೇಕು, ಇಲ್ಲಾಂದ್ರೆ ಅಕ್ಷರ ಊದಿಕೊಳ್ಳುತ್ತೆ. ಅದರ ಮೇಲೆ ನಮ್ಮ ಕನ್ನಡದಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆಗಳು ಬೇರೆ ಬೇರೆ ತುಂಡಾಗಿ ಬಂದು ಒಂದರ ಮೇಲೊಂದು ಕೂತಿರ್ತವೆ, ಚಿತ್ರ ಬಿಡಿಸೋ ಫ್ರೀ ಸಾಫ್ಟ್‌ವೇರ್ ಇಂಕ್‌ಸ್ಕೇಪಲ್ಲಿ ಯೂನಿಯನ್ ಕೊಟ್ಟು ಬೆಸೀದೆ ಹೋದ್ರೆ ಅಕ್ಷರದ ಹೊಟ್ಟೆ ಒಳಗೆಲ್ಲ ಗೆರೆ ಹಾಯ್ದು ಹೋಗುತ್ತೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಮಹಾಪ್ರಾಣದ್ದು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವೆ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ನಿಬ್ಬು ಸ್ವಲ್ಪ ಸವೆದು ಅಗಲ ಆದ್ರೆ ಆ ಸೀಳು ಮುಚ್ಚಿಹೋಗುತ್ತೆ, ಅಕ್ಷರವೇ ಬೇರೆ ಆಗುತ್ತೆ.

ಇಂಗ್ಲಿಷಿನವರಿಗೆ ಈ ಕಷ್ಟ ಇಲ್ಲ. ಅಮೆರಿಕದ ನೌಕಾಪಡೆಯ ಲ್ಯಾಬಲ್ಲಿದ್ದ ಅಲೆನ್ ಹರ್ಷಿ ಅನ್ನೋ ವಿಜ್ಞಾನಿ 1967ರಲ್ಲೇ ಗೆರೆಯಿಂದಷ್ಟೇ ಬರೆಯೋ ಅಕ್ಷರಗಳನ್ನ ಮಾಡಿಟ್ಟರು, ಪೆನ್ನು ಎಲ್ಲಿ ಇಳೀಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ಏಳಬೇಕು ಅಂತ ಅಂಕಿಗಳಲ್ಲಿ. ಇಂಗ್ಲಿಷ್ ಬಿಟ್ಟು ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳನ್ನೂ ಮಾಡಿದ್ರು. ಇವತ್ತು ಇಂಕ್‌ಸ್ಕೇಪ್ ಹಾಕ್ಕೊಂಡ್ರೆ ಅದರ ಜೊತೇಲೇ ಹರ್ಷಿ ಫಾಂಟ್ ಪುಕ್ಕಟೆ ಬರುತ್ತೆ, ಟೈಪ್ ಮಾಡು, ಪೆನ್ನಿಗೆ ಕಳಿಸು, ಮುಗೀತು. ಆ ಪಟ್ಟೀಲಿ ಕನ್ನಡ ಇಲ್ಲ. ಕೋಟಿಗಟ್ಟಲೆ ಜನ ಬರೆಯೋ ಲಿಪಿ, ಅರ್ಧ ಶತಮಾನ ದಾಟಿದ್ರೂ ಇದಕ್ಕೊಂದು ಒಂಟಿಗೆರೆ ಅಕ್ಷರಮಾಲೆ ಎಲ್ಲರ ಕೈಗೆ ಸಿಗೋ ಹಾಗೆ ಇಲ್ಲ ಅಂದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಅದಿದ್ರೆ ಏನು ಲಾಭ ಅಂತ ಕೇಳಿದ್ರೆ ಲೆಕ್ಕ ಕೊಡ್ತೀನಿ. 15 ಮಿಲಿಮೀಟರ್ ಅಗಲದ ನಿಬ್ ಇರೋ ಪೇಂಟ್ ಮಾರ್ಕರ್ ಬರ್ತವೆ. ಅಕ್ಷರದ ಗೆರೆ ಎತ್ತರದ ಹತ್ತರಲ್ಲೊಂದು ಭಾಗ ದಪ್ಪ ಇದ್ರೆ ಕಣ್ಣಿಗೆ ಸರಿ ಕಾಣುತ್ತೆ, ಅಂದ್ರೆ ಆ ಮಾರ್ಕರಿಂದ 15 ಸೆಂಟಿಮೀಟರ್, ಹೆಚ್ಚುಕಮ್ಮಿ ಆರಿಂಚು ಅಕ್ಷರ ಬರೀಬಹುದು, ಒಂದೇ ಓಟದಲ್ಲಿ, ತುಂಬೋ ಕೆಲಸವೇ ಇಲ್ಲ. ಬೋರ್ಡಿನವರು ಇಂಚಿಗೆ ಹತ್ತಡಿ ಅಂತ ಲೆಕ್ಕ ಹಾಕ್ತಾರೆ, ಆರಿಂಚು ಅಕ್ಷರ ಅರವತ್ತಡಿ ದೂರಕ್ಕೆ ಓದಬಹುದು, ನಮ್ಮ ಒತ್ತಕ್ಷರ ತುಂಬಿರೋ ಪದಗಳಿಗೆ ಸ್ವಲ್ಪ ಕಮ್ಮಿ ಅಂತಲೇ ಇಟ್ಕೊಳ್ಳಿ. ಶಾಲೆ ಕೊಠಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಬಾಗಿಲು ಯಾವುದಕ್ಕೆ, ಗ್ರಾಮ ಪಂಚಾಯ್ತಿ, ಅಂಗನವಾಡಿ, ರೈತ ಸಂಪರ್ಕ ಕೇಂದ್ರ, ಇವಕ್ಕೆಲ್ಲ ಇಷ್ಟು ಬೇಕಾದಷ್ಟಾಯ್ತು. ಇನ್ನೊಂದು ವಿಷಯ, ಪೆನ್ನಿಗೆ ಮೂಲೆಗಳು ಅಂದ್ರೆ ಆಗಲ್ಲ, ಮೂಲೆ ಬಂದ ಕಡೆ ಮೆಷಿನ್ ಸ್ಪೀಡು ಇಳಿಸಲೇಬೇಕು, ಅಲ್ಲೇ ಬಣ್ಣ ನಿಲ್ಲೋದು. ಕನ್ನಡದ ಅಕ್ಷರ ದುಂಡಗೆ, ಬಹುಪಾಲು ಸುತ್ತಿಕೊಂಡು ಹೋಗುತ್ತೆ, ಪೆನ್ನು ತಡೆ ಇಲ್ಲದೆ ಹರಿಯುತ್ತೆ. ತಾಳೆಗರಿ ಮೇಲೆ ಲೋಹದ ಮೊನೇಲಿ ಬರೀತಿದ್ದ ಕಾಲದಲ್ಲಿ ಗರಿ ಸೀಳಬಾರದು ಅಂತ ದುಂಡಗಾಯ್ತು ಅಂತ ಹೇಳ್ತಾರಲ್ಲ, ಆ ದುಂಡುತನ ಇವತ್ತಿನ ಪೆನ್ ಮೆಷಿನ್ನಿಗೂ ಹೇಳಿ ಮಾಡಿಸಿದ ಹಾಗಿದೆ. ಕೆಲಸ ಮಾಡುವಾಗ ನೋಡಬೇಕು ನೀವು, ಇಂಗ್ಲಿಷ್ ಸಾಲು ಬರೆಯುವಾಗ ತಡವರಿಸೋ ಮೆಷಿನ್ನು ಕನ್ನಡದ ಹೊರಗೆರೆಗೆ ಬಂದಾಗ ನೀಟಾಗಿ ಓಡುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಒಂಟಿಗೆರೆ ಅಕ್ಷರನ ಯಾರು ಮಾಡಬೇಕು? ಸಾಫ್ಟ್‌ವೇರಿಗೆ ಹೇಳಿ ಇರೋ ಫಾಂಟಿನ ನಡುಗೆರೆ ತೆಗೆಸಬಹುದು, ಮಾಡಿ ನೋಡಿದವರಿಗೆ ಗೊತ್ತು, ಗೆರೆ ಕೂಡೋ ಜಾಗದಲ್ಲೆಲ್ಲ ಸೊಟ್ಟಗಾಗುತ್ತೆ, ತಲಕಟ್ಟು ಮುರಿದು ಬೀಳುತ್ತೆ, ಯಾವ ಗೆರೆ ಮೊದಲು ಯಾವುದು ಆಮೇಲೆ ಅನ್ನೋದು ಅದಕ್ಕೆ ಗೊತ್ತೇ ಇರಲ್ಲ. ಇದನ್ನ ಗೊತ್ತಿರೋರು ನಮ್ಮ ನಡುವೆನೇ ಇದಾರೆ, ಬೋರ್ಡು ಬರೀತಿದ್ದ ಪೇಂಟರುಗಳು. ನಮ್ಮ ಕಡೆ ಒಬ್ಬರಿದಾರೆ, ಬಸ್ಸಿನ ಬೋರ್ಡು, ಸಿನಿಮಾ ಟೆಂಟಿನ ಬೋರ್ಡು, ಲಾರಿ ಹಿಂದಿನ ಬರಹ ಎಲ್ಲ ಬರೆದವರು, ಫ್ಲೆಕ್ಸ್ ಬಂದ ಮೇಲೆ ಮನೆಗೆ ಬಣ್ಣ ಹೊಡೆಯೋ ಕೆಲಸಕ್ಕೆ ಹೋಗ್ತಿದಾರೆ. ಮೆಷಿನ್ ಬರೆದಿದ್ದ ಎರಡು ಸಾಲಿನ ಒಂದು ಬೋರ್ಡ್ ಅವರಿಗೆ ತೋರಿಸಿದೆ. "ನೋಡಪ್ಪಾ, ಮೇಲಿನ ಸಾಲಲ್ಲಿ ಒತ್ತು ಇದೆ, ಕೆಳಗಿನ ಸಾಲಲ್ಲಿ ಸರಿಯಾಗಿ ಅದರ ಅಡೀಲೇ ಗುಡಿಸು ಬಂದಿದೆ, ಎರಡೂ ಡಿಕ್ಕಿ ಹೊಡೀತಾ ಇದಾವೆ, ನಾವಾದ್ರೆ ಕೆಳಗಿನ ಪದನ ಒಂದೆರಡು ಬೆರಳು ಆಚೆ ಸರಿಸ್ತಿದ್ವಿ" ಅಂದ್ರು. ಆಮೇಲೆ ಸೀಮೆಸುಣ್ಣ ತಗೊಂಡು ಪಕ್ಕದ ಶೀಟಲ್ಲಿ ಅದೇ ಹೆಸರು ಬರೆದ್ರು, ದ ಅಕ್ಷರಕ್ಕಿಂತ ಧ ಅಕ್ಷರನ ಒಂದು ಕೂದಲೆಳೆ ಅಗಲ ಮಾಡಿ ಸೀಳಿಗೆ ಜಾಗ ಬಿಟ್ರು, ದೂರದಿಂದ ಓದೋ ಬೋರ್ಡಾದ್ರೆ ತಲಕಟ್ಟು ಗಿಡ್ಡ ಮಾಡಬೇಕು, ಹತ್ತಿರದ್ದಾದ್ರೆ ಉದ್ದ ಬಿಡಬಹುದು ಅಂದ್ರು. ಇದನ್ನ ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಬಿಸಿಲಲ್ಲಿ ಏಣಿ ಮೇಲೆ ನಿಂತು, ಇಳಿದು, ರಸ್ತೆ ಆ ಕಡೆ ಹೋಗಿ ನೋಡಿ, ಮತ್ತೆ ಹತ್ತಿ ತಿದ್ದಿ ಕಲಿತಿರೋದು. ಅಂಥ ಪೇಂಟರುಗಳು ಎಲ್ಲ ಊರಲ್ಲೂ ಇದಾರೆ, ಬಹಳ ಜನಕ್ಕೆ ವಯಸ್ಸಾಗಿದೆ, ಕೈ ನಡುಗೋಕೆ ಮುಂಚೆ ಅವರ ಅಕ್ಷರನ ನಾವು ಉಳಿಸ್ಕೋಬೇಕು.

ಕೆಲಸದ ಗಾತ್ರ ಹೆದರೋ ಅಷ್ಟೇನಿಲ್ಲ. ವರ್ಣಮಾಲೆ 49 ಅಕ್ಷರ, 34 ವ್ಯಂಜನಕ್ಕೆ ಕಾಗುಣಿತ ಹಾಕಿದ್ರೆ 15ರ ಲೆಕ್ಕದಲ್ಲಿ 510 ರೂಪ, ಒತ್ತಕ್ಷರ ಇನ್ನೊಂದು 34, ಅರ್ಕಾವತ್ತು, ಅಂಕಿಗಳು, ಅಲ್ಲಿಗೆ ಮುಗೀತು. ಪೇಂಟರ್ ದೊಡ್ಡ ಡ್ರಾಯಿಂಗ್ ಟ್ಯಾಬ್ಲೆಟ್ ಮೇಲೆ ತಮ್ಮ ರೂಢಿಯಂತೆ ಬರೆದ್ರೆ ಪೆನ್ನು ಎಲ್ಲಿಂದ ಎಲ್ಲಿಗೆ ಹೋಯ್ತು, ಯಾವ ಕ್ರಮದಲ್ಲಿ ಹೋಯ್ತು ಅನ್ನೋದೆಲ್ಲ ದಾಖಲಾಗುತ್ತೆ. ಅಕ್ಷರ ಜೋಡಿಸೋ ಬುದ್ಧಿ, ಅಂದ್ರೆ ಯಾವ ಒತ್ತು ಯಾವುದರ ಕೆಳಗೆ ಅನ್ನೋದು, ಈಗಿರೋ ಯುನಿಕೋಡ್ ಫಾಂಟುಗಳಲ್ಲಿ ಆಗಲೇ ಇದೆ, ಹಾರ್ಫ್‌ಬಝ್ ಅನ್ನೋ ಫ್ರೀ ಸಾಫ್ಟ್‌ವೇರ್ ಅದನ್ನ ನೋಡ್ಕೊಳ್ಳುತ್ತೆ, ಅದು ಹೇಳಿದ ಪ್ರತಿ ತುಂಡಿಗೂ ಹೊರಗೆರೆ ಬದಲು ಪೇಂಟರ್ ಬರೆದ ಗೆರೆ ತಂದು ಕೂರಿಸಬೇಕು, ಅಷ್ಟೇ. ಪ್ರೋಗ್ರಾಮಿಂಗ್ ಬಲ್ಲ ನಾಲ್ಕು ಹುಡುಗರು ಕೂತ್ರೆ ಆಗೋ ಕೆಲಸ ಇದು, ಆದ್ರೆ ಪೇಂಟರುಗಳನ್ನ ಕರೆಸಿ, ಗೌರವಧನ ಕೊಟ್ಟು, ಬರೆಸಿ, ಒಬ್ಬೊಬ್ಬರ ಅಕ್ಷರಕ್ಕೂ ಅವರ ಹೆಸರೇ ಇಟ್ಟು, ಯಾರು ಬೇಕಾದ್ರೂ ಬಳಸೋ ಹಾಗೆ ಮುಕ್ತ ಲೈಸೆನ್ಸಲ್ಲಿ ಬಿಡೋದು ಸರ್ಕಾರ ಮಾಡಬೇಕಾದ ಕೆಲಸ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದನ್ನ ಕೈಗೆತ್ತಿಕೊಳ್ಳಲಿ, ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನ ಕಲಾವಿದರನ್ನ ಜೊತೆಗೆ ಸೇರಿಸ್ಕೊಳ್ಳಲಿ. ನುಡಿ ತಂತ್ರಾಂಶನ ಕನ್ನಡ ಗಣಕ ಪರಿಷತ್ತಿನಿಂದ ಮಾಡಿಸಿ ಕಚೇರಿ ಕಚೇರಿಗೆ ತಲುಪಿಸಿದ ಸರ್ಕಾರಕ್ಕೆ ಇದು ಆಗದ ಕೆಲಸ ಏನಲ್ಲ.

ಮೆಷಿನ್ ಎಲ್ಲಿಂದ ತರೋದು ಅನ್ನೋ ಪ್ರಶ್ನೆನೂ ಬೇಡ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಮೇಲ್ದರ್ಜೆಗೆ ಏರಿಸಿ ಹೊಸ ಮೆಷಿನ್ನುಗಳನ್ನ ಕೊಟ್ಟಿದಾರೆ, ಜಿಟಿಟಿಸಿ ಅನ್ನೋ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರಗಳಲ್ಲಿ ಸಿಎನ್‌ಸಿ ಕಲಿಸೋದೇ ಕಸುಬು, ಮಕ್ಕಳು ಕೈಯಾರೆ ಮಾಡಿ ಕಲಿಯೋ ಅಟಲ್ ಟಿಂಕರಿಂಗ್ ಲ್ಯಾಬ್ ಇರೋ ಶಾಲೆಗಳಲ್ಲಿ ಆರ್ಡುಯಿನೊ ಆಗಲೇ ಇದೆ. ಮಕ್ಕಳು ಅಭ್ಯಾಸಕ್ಕೆ ಅಂತ ಏನೇನೋ ಕತ್ತರಿಸಿ ಬಿಸಾಡೋ ಬದಲು ತಮ್ಮ ಹೋಬಳಿಯ ಶಾಲೆಗಳಿಗೆ ಬೋರ್ಡು ಬರೆದು ಕೊಡಲಿ, ಪೆನ್ನಾದ್ರೆ ಕಟರ್ ಮುರಿಯೋ ಭಯ ಇಲ್ಲ, ಕೈ ಕೊಯ್ಯೋ ಭಯ ಇಲ್ಲ, ಜಿ-ಕೋಡ್ ಕಲಿಯೋಕೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಕಾಣ್ತಿಲ್ಲ.

ಇದರಿಂದ ಪೇಂಟರುಗಳ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಅವರ ಹೊಟ್ಟೆ ಮೇಲೆ ಹೊಡೆದಿದ್ದು ಫ್ಲೆಕ್ಸು, ಅದೂ 20 ವರ್ಷದ ಹಿಂದೆನೇ. ನಾವು ಈಗ ದೊಡ್ಡ ಬೋರ್ಡುಗಳಿಗೆ ಮಾಡ್ತಿರೋ ಪದ್ಧತಿ ಹೇಳ್ತೀನಿ, ಮೆಷಿನ್ ತೆಳ್ಳನೆ ಪೆನ್ನಲ್ಲಿ ಹೊರಗೆರೆ ಹಾಕುತ್ತೆ, ಪೇಂಟರ್ ಬ್ರಶ್ ಹಿಡಿದು ಎನಾಮಲ್ ತುಂಬ್ತಾರೆ, ನೆರಳು ಕೊಡ್ತಾರೆ, ಅಂಚು ಎಳೀತಾರೆ. ದಾರ ಕಟ್ಟಿ ಗೆರೆ ಹೊಡೆದು, ಸೀಮೆಸುಣ್ಣದಲ್ಲಿ ಅಕ್ಷರ ಕೂರಿಸಿ, ಅಳಿಸಿ, ಮತ್ತೆ ಕೂರಿಸಿ ಅರ್ಧ ದಿನ ಹೋಗ್ತಿದ್ದದ್ದು ಉಳಿಯುತ್ತೆ, ಒಂದೇ ಥರದ ಇಪ್ಪತ್ತು ಬೋರ್ಡು ಬೇಕು ಅಂದ್ರೆ ಇಪ್ಪತ್ತಕ್ಕೂ ಅಳತೆ ಒಂದೇ ಇರುತ್ತೆ, ರೇಟಲ್ಲಿ ಫ್ಲೆಕ್ಸಿಗೆ ಹತ್ತಿರ ಬರೋಕೆ ಆಗುತ್ತೆ. ಗೋಡೆ ಮೇಲೆ ನೇರ ಬರೆಯೋದು ಈಗಲೂ ಅವರ ಕೈಕೆಲಸವೇ. ಮೇಲಿಂದ ಎರಡು ಮೋಟಾರು ದಾರಕ್ಕೆ ಪೆನ್ನು ನೇತುಹಾಕಿ ಗೋಡೆ ಮೇಲೆ ಬರೆಯೋ ಮೆಷಿನ್ನೂ ಇದೆ, ಬಯಲಲ್ಲಿ ಗಾಳಿಗೆ ಅಲ್ಲಾಡುತ್ತೆ, ನಂಬೋ ಹಾಗಿಲ್ಲ.

ಫ್ಲೆಕ್ಸಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. 2016ರ ಮಾರ್ಚಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಜೊತೆ ಫ್ಲೆಕ್ಸನ್ನೂ ನಿಷೇಧ ಮಾಡಿದೆ, 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಲ್ಲಿ ರಾತ್ರೋರಾತ್ರಿ ತೆಗೆದ್ರು, ಈಗ ನೋಡಿದ್ರೆ ಎಲ್ಲ ಊರಲ್ಲೂ ಮತ್ತೆ ಹಾಗೇ ಇದೆ. ಅದು ಪಿವಿಸಿ, ಕಸದ ಗುಂಡೀಲಿ ಸುಟ್ಟರೆ ಡಯಾಕ್ಸಿನ್ ಥರದ ವಿಷ ಬರುತ್ತೆ, ಮಣ್ಣಲ್ಲಿ ಕೊಳೆಯಲ್ಲ. ನಿಷೇಧ ಮಾಡಿದವರು ಅದರ ಬದಲಿಗೆ ಏನು ಅಂತ ಹೇಳಲಿಲ್ಲ, ಅಷ್ಟೇ ಬೇಗ, ಅಷ್ಟೇ ಅಗ್ಗಕ್ಕೆ ಕನ್ನಡ ಬರೆದು ಕೊಡೋ ದಾರಿ ಇಲ್ಲದೆ ಹೋದ್ರೆ ಜನ ಮತ್ತೆ ಅಲ್ಲಿಗೇ ಹೋಗ್ತಾರೆ. ತಗಡಿನ ಬೋರ್ಡಾದ್ರೆ ಹಳೇದನ್ನ ಉಜ್ಜಿ ಬಣ್ಣ ಹೊಡೆದು ಮತ್ತೆ ಬರೀಬಹುದು.

ಎಲ್ಲದಕ್ಕೂ ಪೆನ್ನೇ ಮದ್ದು ಅಂತ ನಾನು ಹೇಳಲ್ಲ. ರಸ್ತೆ ಸೂಚನಾ ಫಲಕಕ್ಕೆ ಇದು ಖಂಡಿತ ಬೇಡ, ರಾತ್ರಿ ಗಾಡಿ ಬೆಳಕು ಬಿದ್ರೆ ಹೊಳೆಯೋ ಶೀಟೇ ಅದಕ್ಕೆ ಆಗಬೇಕು, ಅದು ಜೀವದ ಪ್ರಶ್ನೆ. ಫೋಟೊ ಬೇಕು, ಹತ್ತಾರು ಬಣ್ಣ ಬೇಕು ಅನ್ನೋರಿಗೂ ಆಗಲ್ಲ, ಪೆನ್ ಬದಲಾಯಿಸಿದಾಗಲೆಲ್ಲ ತುದಿ ಮತ್ತೆ ಅದೇ ಜಾಗಕ್ಕೆ ಹೊಂದಿಸಬೇಕು, ಎರಡು ಮೂರು ಬಣ್ಣ ಆದ್ರೆ ಸರಿ.

ಜಿಲ್ಲೆಯ ಯಾವುದೇ ಐಟಿಐ ಮೇಷ್ಟ್ರುಗಳು, ರೇಡಿಯಂ ಅಂಗಡಿಯವರು, ಬೋರ್ಡು ಬರೆಯೋ ಪೇಂಟರುಗಳು ನೋಡಬೇಕು ಅಂದ್ರೆ ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಮೆಷಿನ್ ಖಾಲಿ ಇರುತ್ತೆ, ಬನ್ನಿ. ಪೆನ್ ಹೋಲ್ಡರಿನ ಡ್ರಾಯಿಂಗು, ಸ್ಪ್ರಿಂಗಿನ ಅಳತೆ, ಸ್ಪೀಡಿನ ಸೆಟ್ಟಿಂಗು ಎಲ್ಲ ಕಾಪಿ ಮಾಡಿ ಕೊಡ್ತೀನಿ, ದುಡ್ಡೇನೂ ಬೇಡ. ವಿಳಾಸ ಪತ್ರಿಕೆ ಕಚೇರೀಲಿ ಕೊಟ್ಟಿದೀನಿ, ಬರೋರು ಬೋರ್ಡಿಗೆ ಬೇಕಾದ ಶೀಟು ಮಾರ್ಕರು ತಂದ್ರೆ ಅಲ್ಲೇ ಬರೆದುಕೊಂಡು ಹೋಗಬಹುದು.

ಇಂತಿ,
ನಿಮ್ಮ ಓದುಗ,
ಮಾಚೇನಹಳ್ಳಿ, ಶಿವಮೊಗ್ಗ